ಗಬ್ಬೂರು ಏಳು ವಾರ ಕೆಂಪಾಗಿತ್ತು

2023ರ ಜೂನ್ ತಿಂಗಳಲ್ಲಿ ನಾನು ರಾಯಚೂರಿನ ಒಂದು ದತ್ತಿ ಸಂಸ್ಥೆಯಲ್ಲಿ ಮಾಹಿತಿ ಅಧಿಕಾರಿಯಾಗಿ ಸೇರಿದೆ. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರ ಅಂಕಿ-ಅಂಶ ವಿಭಾಗದಲ್ಲಿ ದುಡಿದು ನಿವೃತ್ತನಾಗಿದ್ದೆ. ಮನೆಯಲ್ಲಿ ಕೂತರೆ ಹೆಂಡತಿಯ ಅಡುಗೆಯಲ್ಲೂ ಲೆಕ್ಕ ಹಿಡಿಯುತ್ತೇನೆ ಎಂಬ ದೂರು ಬಂದಿದ್ದರಿಂದ ಮತ್ತೆ ಕೆಲಸ ಹುಡುಕಿಕೊಂಡೆ. ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ, ಮತ್ತು ನಾನು ಹೇಳಹೊರಟಿರುವ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಸಂಸ್ಥೆಯದು ಪಶು ಚಿಕಿತ್ಸೆಯ ಕೆಲಸ. ಮೂರು ವ್ಯಾನುಗಳಿದ್ದವು. ಒಂದು ರಾಯಚೂರು ನಗರದ ಸುತ್ತ ಓಡಾಡುತ್ತಿತ್ತು, ಇನ್ನೊಂದು ಮಾನ್ವಿ ತಾಲ್ಲೂಕಿನ ಕಲ್ಲೂರನ್ನು ನೆಲೆ ಮಾಡಿಕೊಂಡಿತ್ತು, ಮೂರನೆಯದು ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿತ್ತು. ಪ್ರತಿ ವ್ಯಾನಿನಲ್ಲಿ ಒಬ್ಬ ಪಶುವೈದ್ಯರು ಮತ್ತು ಒಬ್ಬ ಡ್ರೈವರ್. ಫೋನ್ ಮಾಡಿದರೆ ದನದ ಕೊಟ್ಟಿಗೆಗೋ ಕುರಿಹಟ್ಟಿಗೋ ಹೋಗಿ ಚಿಕಿತ್ಸೆ ಕೊಟ್ಟು ಬರುತ್ತಿದ್ದರು. ಪ್ರತಿ ವ್ಯಾನಿಗೆ ಸೋಷಿಯಲ್ ಮೀಡಿಯಾದಲ್ಲಿ ಒಂದು ಪುಟವೂ ಇತ್ತು. ಯಾವ ದಿನ ಯಾವ ಊರಿಗೆ ವ್ಯಾನು ಬರುತ್ತದೆ ಎಂಬುದನ್ನು ಅದರಲ್ಲಿ ಹಾಕುತ್ತಿದ್ದರು. ಜನ ಅದರ ಕೆಳಗೆ ಕಾಮೆಂಟ್ ಬರೆಯುತ್ತಿದ್ದರು, ತಮ್ಮ ಎಮ್ಮೆ, ಆಡು, ಕುರಿಗಳ ಫೋಟೋ ಕಳಿಸುತ್ತಿದ್ದರು.

ನನ್ನನ್ನು ತೆಗೆದುಕೊಂಡದ್ದು ಒಂದು ಹೊಸ ಸಾಫ್ಟ್‌ವೇರಿನ ಸಲುವಾಗಿ. ಅದು ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಪ್ರತಿ ಭಾನುವಾರ ಅದು ಮೂರೂ ಪುಟಗಳ ಖಾತೆಗೆ ಹೋಗಿ ಆ ವಾರದ ಮಾಹಿತಿಯನ್ನೆಲ್ಲ ಎಳೆದುಕೊಳ್ಳುತ್ತಿತ್ತು: ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು, ಎಷ್ಟು ಹೊತ್ತಿನಲ್ಲಿ ಉತ್ತರ ಸಿಕ್ಕಿತು, ಏನೇನು ಬರೆದರು. ಬರೆದದ್ದನ್ನು ಒಂದು ಪದಪಟ್ಟಿಯ ಜೊತೆ ಹೋಲಿಸುತ್ತಿತ್ತು. ಪಟ್ಟಿಯಲ್ಲಿ ಒಳ್ಳೆಯ ಪದಗಳ ಮುಂದೆ ಪ್ಲಸ್, ಕೆಟ್ಟ ಪದಗಳ ಮುಂದೆ ಮೈನಸ್. ಕೂಡಿ ಕಳೆದು, ನೂರು ಕಾಮೆಂಟಿನಲ್ಲಿ ಎಷ್ಟು ಒಳ್ಳೆಯವು ಎಂದು ಪ್ರತಿ ವ್ಯಾನಿಗೆ ಒಂದು ಅಂಕ ಕೊಡುತ್ತಿತ್ತು. ಆಮೇಲೆ ತಾನೇ ಒಂದು ಇನ್ಫೋಗ್ರಾಫಿಕ್ ತಯಾರಿಸುತ್ತಿತ್ತು. ಅಂದರೆ ಅಂಕಿಗಳನ್ನು ಬಣ್ಣ, ನಕ್ಷೆ, ಚಿಕ್ಕ ಚಿಕ್ಕ ಚಿತ್ರಗಳಲ್ಲಿ ತೋರಿಸುವ ಒಂದು ಪಟ. ಅರವತ್ತಕ್ಕಿಂತ ಮೇಲಿದ್ದರೆ ಆ ವ್ಯಾನು ನಕ್ಷೆಯಲ್ಲಿ ಹಸಿರು, ನಲವತ್ತರಿಂದ ಅರವತ್ತು ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರ ಕೈಯೂ ತಾಗದೆ ಅದು ಮೂರೂ ಪುಟಗಳಲ್ಲಿ ಪ್ರಕಟವಾಗುತ್ತಿತ್ತು.

ಸರ್ಕಾರಿ ಕೆಲಸದಲ್ಲಿದ್ದಾಗ ಇಂಥ ಪಟಗಳನ್ನು ನಾನು ಕೈಯಲ್ಲಿ ಬರೆದವನು. ಡ್ರಾಯಿಂಗ್ ಶೀಟು, ಸ್ಕೇಲು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಒಂದು ಸಭೆಗೆ ಮೂರು ಬಾರ್ ಚಾರ್ಟ್ ಬರೆಯಲು ಎರಡು ದಿನ ಹಿಡಿಯುತ್ತಿತ್ತು, ಸಭೆಯಲ್ಲಿ ಅದನ್ನು ನೋಡುವವರು ಯಾರೂ ಇರುತ್ತಿರಲಿಲ್ಲ. ಈ ಯಂತ್ರ ಒಂದು ನಿಮಿಷದೊಳಗೆ ಅದಕ್ಕಿಂತ ಚೆಂದದ ಪಟ ಕೊಟ್ಟಾಗ ನನಗೆ ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಲಿಲ್ಲ. ಸಣ್ಣ ಹುಡುಗನ ಹಾಗೆ ಖುಷಿಪಟ್ಟೆ. ಮೊದಲ ಪಟವನ್ನು ಪ್ರಿಂಟ್ ತೆಗೆಸಿ ನನ್ನ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡೆ.

ಪದಪಟ್ಟಿ ಬೆಂಗಳೂರಿನಿಂದ ಬಂದಿತ್ತು. ಸುಮಾರು ಎರಡು ಸಾವಿರ ಪದ. ಅದನ್ನು ನಮ್ಮ ಕಡೆಯ ಕನ್ನಡಕ್ಕೆ ಒಪ್ಪುವಂತೆ ಪರಿಶೀಲಿಸಿ ಸಹಿ ಹಾಕುವ ಹೊಣೆ ನನ್ನದು. ಎರಡು ದಿನ ಕೂತು ಓದಿದೆ. 'ಚಲೋ' ಇರಲಿಲ್ಲ, ಸೇರಿಸಿದೆ. 'ಬೇಷ್' ಇರಲಿಲ್ಲ, ಸೇರಿಸಿದೆ. 'ಬರೋಬ್ಬರಿ', 'ಛಂದ', 'ಭಾರಿ' ಎಲ್ಲ ಸೇರಿಸಿದೆ. ಬೆಂಗಳೂರಿನವರಿಗೆ ಕನ್ನಡ ಕಲಿಸಿದೆ ಎಂಬ ಹಮ್ಮಿನಲ್ಲಿ ಕೊನೆಯ ಪುಟಕ್ಕೆ ಸಹಿ ಹಾಕಿ ಕಳಿಸಿದೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಸರಿಯಾಗಿತ್ತು. ರಾಯಚೂರು ಹಸಿರು, ಕಲ್ಲೂರು ಒಮ್ಮೆ ಹಸಿರು ಒಮ್ಮೆ ಹಳದಿ, ಗಬ್ಬೂರು ಹಳದಿ. ಸಂಸ್ಥೆಯ ಅಧ್ಯಕ್ಷರು ರಾಯಚೂರಿನಲ್ಲಿ ಅಕ್ಕಿ ಗಿರಣಿ ನಡೆಸುವವರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಅವರಿಗೆ ಪಟ ಬಹಳ ಹಿಡಿಸಿತು. ಯೋಜನಾ ವ್ಯವಸ್ಥಾಪಕ ಪ್ರಶಾಂತ್ ಬೆಂಗಳೂರಿನಿಂದ ಬಂದಿದ್ದ ಚುರುಕಿನ ಮನುಷ್ಯ. ವೈದ್ಯರೆಲ್ಲ ಒಂದು ವರ್ಷದ ಗುತ್ತಿಗೆಯ ಮೇಲಿದ್ದರು, ಡಿಸೆಂಬರ್ ಕೊನೆಗೆ ಗುತ್ತಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವಾಗ ಈ ಜನಾಭಿಪ್ರಾಯದ ಅಂಕವನ್ನೂ ನೋಡಬೇಕು ಎಂದು ಪ್ರಶಾಂತ್ ಸೂಚಿಸಿದರು. ಸಭೆ ಒಪ್ಪಿತು. ನಾನೂ ಆ ಸಭೆಯಲ್ಲಿದ್ದೆ, ತಲೆಯಾಡಿಸಿದೆ.

ಅಕ್ಟೋಬರ್ ಮಧ್ಯದಲ್ಲಿ ಗಬ್ಬೂರು ಕೆಂಪಾಯಿತು. ಮೊದಲ ವಾರ ಮೂವತ್ತೆಂಟು. ಆಮೇಲೆ ಮೂವತ್ತೊಂದು, ಮೂವತ್ತು, ಇಪ್ಪತ್ತಾರು. ಹೀಗೆ ಇಳಿಯುತ್ತ ಏಳನೆಯ ವಾರಕ್ಕೆ ಇಪ್ಪತ್ತೆರಡಕ್ಕೆ ಬಂತು. ಮೂರು ವ್ಯಾನುಗಳ ನಕ್ಷೆಯಲ್ಲಿ ದೇವದುರ್ಗದ ಕಡೆಯ ಭಾಗ ಮಾತ್ರ ಪ್ರತಿ ಸೋಮವಾರ ಕೆಂಪಾಗಿ ಕಾಣುತ್ತಿತ್ತು. ಅದರ ಕೆಳಗೆ ಯಂತ್ರವೇ ಒಂದು ಸಾಲು ಬರೆಯುತ್ತಿತ್ತು: 'ಜನರ ಅಸಮಾಧಾನ ಹೆಚ್ಚುತ್ತಿದೆ.' ಡಿಸೆಂಬರ್ ಮೊದಲ ವಾರ ಗಬ್ಬೂರಿನ ವೈದ್ಯೆ ಡಾ. ರೇಣುಕಾ ಅವರಿಗೆ ಪತ್ರ ಹೋಯಿತು. ಏಳು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಅದರ ಸಾರಾಂಶ. ಪತ್ರಕ್ಕೆ ಲಗತ್ತಾಗಿ ನನ್ನ ಏಳು ಪಟಗಳಿದ್ದವು.

ಪತ್ರ ಸಿಕ್ಕ ಮರುದಿನವೇ ಅವರು ರಾಯಚೂರಿಗೆ ಬಂದರು. ಮಾನ್ವಿಯವರು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಅಲ್ಲಿಯವರೆಗೆ ಅವರೊಂದಿಗೆ ನಾನು ನಾಲ್ಕು ಮಾತೂ ಆಡಿರಲಿಲ್ಲ. ನೇರ ನನ್ನ ಟೇಬಲ್ಲಿನ ಮುಂದೆ ನಿಂತು ಪಟಗಳನ್ನು ಗಾಜಿನ ಮೇಲಿಟ್ಟರು.

"ಸರ್, ನನಗ ಬೈದೋರು ಯಾರು? ಅಷ್ಟು ತೋರಿಸ್ರಿ ಸಾಕು. ನನ್ನ ಪುಟಾ ದಿನಾ ನಾನೂ ನೋಡ್ತೀನಿ. ಅಲ್ಲಿ ಯಾರೂ ಬೈದಿಲ್ಲ."

ಅದು ನ್ಯಾಯವಾದ ಪ್ರಶ್ನೆ. ಏಳು ವಾರದಲ್ಲಿ ಅದನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಯಂತ್ರ ಪಟ ಕೊಡುತ್ತಿತ್ತು, ನಾನು ಪಟ ನೋಡುತ್ತಿದ್ದೆ. ಪಟದ ಹಿಂದಿನ ಮೂಲ ಕಾಮೆಂಟುಗಳ ಕಡತ ತೆಗೆಯಲು ಪಾಸ್‌ವರ್ಡ್ ಬೇಕಿತ್ತು, ಅದನ್ನು ಎಲ್ಲಿ ಬರೆದಿಟ್ಟಿದ್ದೇನೆ ಎಂಬುದೇ ಮರೆತುಹೋಗಿತ್ತು. ಡೈರಿ ತಡಕಾಡಿ ತೆರೆಯುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಅಷ್ಟೂ ಹೊತ್ತು ಅವರು ನಿಂತೇ ಇದ್ದರು. ಕೂತುಕೊಳ್ಳಿ ಎಂದು ಎರಡು ಸಲ ಹೇಳಿದೆ.

ಕೊನೆಯ ವಾರದ ಕಾಮೆಂಟುಗಳು ನಲವತ್ತಾರು. ಯಂತ್ರ ಹತ್ತನ್ನು ಒಳ್ಳೆಯವು ಎಂದೂ ಮೂವತ್ತಾರನ್ನು ಕೆಟ್ಟವು ಎಂದೂ ಎಣಿಸಿತ್ತು. ಆ ಮೂವತ್ತಾರನ್ನು ಒಂದೊಂದಾಗಿ ಜೋರಾಗಿ ಓದತೊಡಗಿದೆ. 'ಹೋತ ಈಗ ಅಡ್ಡಿ ಇಲ್ರಿ.' 'ಮರಿ ಮೇಯಾಕತ್ಯಾವ ಅಡ್ಡಿ ಇಲ್ಲ.' 'ಡಾಕ್ಟ್ರವ್ವ ಬಂದು ಹೋದ ಮ್ಯಾಲ ಅಡ್ಡಿ ಇಲ್ಲ.' ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ದನಿ ಇಳಿಯಿತು. ಮೂವತ್ತಾರರಲ್ಲಿ ಮೂವತ್ತೆರಡು ಇದೇ ಮಾತು. ನಿಜವಾದ ದೂರುಗಳು ನಾಲ್ಕು, ನಾಲ್ಕೂ ವ್ಯಾನು ತಡವಾಗಿ ಬಂದದ್ದಕ್ಕೆ.

ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳಬೇಕು. ರಾಯಚೂರಿನ ಸೀಮೆಯಲ್ಲಿ 'ಅಡ್ಡಿ ಇಲ್ಲ' ಎಂದರೆ ಚೆನ್ನಾಗಿದೆ, ಪರವಾಗಿಲ್ಲ, ಮೆಚ್ಚಿದೆ ಎಂದು ಅರ್ಥ. ಊಟ ಹೇಗಿತ್ತು ಎಂದರೆ ಅಡ್ಡಿ ಇಲ್ಲ, ಅಳಿಯ ಹೇಗಿದ್ದಾನೆ ಎಂದರೆ ಅಡ್ಡಿ ಇಲ್ಲ. ಪದಪಟ್ಟಿ ತೆರೆದು ನೋಡಿದೆ. ಅದರಲ್ಲಿ 'ಅಡಚಣೆ', 'ಅಡ್ಡಗಾಲು', 'ಅಡ್ಡಿ' ಎಂದು ಮೂರು ಪದ ಒಂದರ ಕೆಳಗೊಂದು ಇದ್ದವು, ಮೂರಕ್ಕೂ ಮೈನಸ್. 'ಇಲ್ಲ' ಎಂಬುದಕ್ಕೂ ಮೈನಸ್. ಎರಡು ಕೆಟ್ಟ ಪದ ಸೇರಿದರೆ ಯಂತ್ರದ ಲೆಕ್ಕದಲ್ಲಿ ದುಪ್ಪಟ್ಟು ಕೆಟ್ಟದ್ದು. 'ಅಡ್ಡಿ'ಯ ಪಕ್ಕದಲ್ಲಿ ಹಸಿರು ಇಂಕಿನ ಟಿಕ್ ಇತ್ತು, ಅದು ನನ್ನದು. ದಿನಕ್ಕೆ ಹತ್ತು ಸಲ ನಾನೇ ಆಡುವ ಮಾತು. ಪಟ್ಟಿಯಲ್ಲಿ ಒಂಟಿಯಾಗಿ ಕಂಡಾಗ ಅದು ಪಠ್ಯಪುಸ್ತಕದ ಪದದಂತೆ ಕಂಡಿತ್ತು, ಅದನ್ನು ನಾನು ಗುರುತು ಹಿಡಿಯಲಿಲ್ಲ. ನಾಚಿಕೆಯಾಯಿತು. ರೇಣುಕಾ ಅವರ ಮುಖ ನೋಡಿದರೆ ಅಲ್ಲಿ ಸಮಾಧಾನದ ಬದಲು ಇನ್ನೇನೋ ಇತ್ತು, ಆಗ ಅದು ನನಗೆ ತಿಳಿಯಲಿಲ್ಲ.

"ಅಂದ್ರ ಇವೇನಾ ಸರ್? ಆಫೀಸಿಗೆ ಬ್ಯಾರೆ ಯಾವ ಕಂಪ್ಲೇಂಟೂ ಬಂದಿಲ್ಲೇನು?"

"ಇವೇ. ಬ್ಯಾರೆ ಒಂದೂ ಇಲ್ಲ."

ಅವರು ಪಟಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಅಡ್ಡಿ ಇಲ್ಲ ಎಂಬ ಮಾತು ಎಲ್ಲ ಕಡೆಯೂ ಇದೆ, ಕಲ್ಲೂರಿನ ಪುಟದಲ್ಲೂ ಆರೇಳು ಇದ್ದವು. ಗಬ್ಬೂರಿನಲ್ಲಿ ಮಾತ್ರ ಯಾಕೆ ಇಷ್ಟು? ಸಭೆಯಲ್ಲಿ ಯಾರಾದರೂ ಇದನ್ನು ಕೇಳಿದರೆ ಉತ್ತರ ಬೇಕು. ಮರುದಿನ ಬೆಳಿಗ್ಗೆ ದೇವದುರ್ಗದ ಬಸ್ ಹತ್ತಿ ಗಬ್ಬೂರಿನಲ್ಲಿ ಇಳಿದೆ. ರೇಣುಕಾ ಅವರು ವ್ಯಾನಿನಲ್ಲಿ ನನ್ನನ್ನು ಬೀರಪ್ಪ ಎಂಬವರ ಹಟ್ಟಿಗೆ ಕರೆದೊಯ್ದರು. ಬೀರಪ್ಪ ಕುರಿ ಸಾಕುವವರು, ನನ್ನ ವಯಸ್ಸಿನವರು. ಗೊಬ್ಬರಕ್ಕಾಗಿ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಅವರ ಸೊಸೆ ಲಕ್ಷ್ಮವ್ವ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಪುಟದಲ್ಲಿ ಅತಿ ಹೆಚ್ಚು ಕಾಮೆಂಟ್ ಇದ್ದದ್ದು ಈ ಲಕ್ಷ್ಮವ್ವನದೇ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿದರೆ ಅದೇ ಅಕ್ಷರವಾಗುತ್ತದೆ ಎಂದು ಅವರು ನನಗೇ ಮಾಡಿ ತೋರಿಸಿದರು.

ನಾನು ಅಂಕಿ-ಅಂಶದ ಮನುಷ್ಯ. ಕೂತ ಕೂಡಲೇ ಬಾಯಿಂದ ಬಂದ ಮೊದಲ ಪ್ರಶ್ನೆ, "ಕುರಿ ಎಷ್ಟದಾವ ಬೀರಪ್ಪ?"

"ಅದಾವ್ರಿ ಒಂದೀಟು," ಎಂದು ಅವರು ಬೇರೆ ಕಡೆ ನೋಡಿದರು. ರೇಣುಕಾ ಅವರು ನನಗೆ ಕಣ್ಸನ್ನೆ ಮಾಡಿದರು, ಕೇಳಬೇಡಿ ಎಂಬಂತೆ.

"ಡಾಕ್ಟ್ರು ಹೆಂಗ ನೋಡ್ಕೋತಾರ?"

"ಅಡ್ಡಿ ಇಲ್ರಿ."

"ಅಂದ್ರ ಚಲೋ ನೋಡ್ಕೋತಾರ ಅಂತನಾ?"

"ಅಡ್ಡಿ ಇಲ್ಲ ಅಂದ್ನೆಲ್ರಿ," ಎಂದರು ಬೀರಪ್ಪ, ಕಿವಿ ಮಂದವಾದವನಿಗೆ ಹೇಳುವ ಹಾಗೆ.

ನಾನು ಬಿಡಲಿಲ್ಲ. ಭಾರಿ ಚಲೋ ಅಂತ ಯಾಕೆ ಬರೆಯುವುದಿಲ್ಲ ಎಂದು ಕೇಳಿದೆ. ಉತ್ತರ ಲಕ್ಷ್ಮವ್ವನಿಂದ ಬಂತು. "ಯಪ್ಪಾ, ಈಗಿನ್ನೂ ಎದ್ದು ನಿಂತ ಜೀವದ ಮುಂದ ಹಂಗ ಅಂತಾರೇನ್ರಿ? ಕಣ್ಣು ಬೀಳ್ತದ. ಡಾಕ್ಟ್ರ ಕೈಗೂ ಕಣ್ಣು ಬೀಳ್ತದ. ಭಾರಿ ಕೈ ಅಂತ ನಾಕು ಮಂದಿ ಮುಂದ ಒದರಿದ್ರ ಆ ಕೈ ಉಳೀತದೇನು?"

ಆ ಚಳಿಗಾಲ ಆ ಕಡೆಯ ಕೆಲವು ಹಿಂಡುಗಳಲ್ಲಿ ನೀಲಿ ನಾಲಿಗೆ ರೋಗ ಕಾಣಿಸಿಕೊಂಡಿತ್ತು. ಕುರಿಯ ಬಾಯಿ ಊದಿ, ನಾಲಿಗೆ ಬಣ್ಣ ತಿರುಗಿ, ಮೇವು ಬಿಟ್ಟು ಮಲಗುತ್ತದೆ. ದಸರೆಯ ಹೊತ್ತಿಗೆ ಶುರುವಾದದ್ದು. ರೇಣುಕಾ ಅವರು ಹಟ್ಟಿಯಿಂದ ಹಟ್ಟಿಗೆ ತಿರುಗಿ, ಬಾಯಿ ತೊಳೆಸಿ, ಇಂಜೆಕ್ಷನ್ ಕೊಟ್ಟು, ಗಂಜಿ ಕುಡಿಸುವುದನ್ನು ಹೇಳಿಕೊಟ್ಟು ಬಹಳಷ್ಟನ್ನು ಉಳಿಸಿದ್ದರು. ಎದ್ದು ನಿಂತ ಪ್ರತಿ ಕುರಿಗೂ ಒಂದೊಂದು ಅಡ್ಡಿ ಇಲ್ಲ ಪುಟಕ್ಕೆ ಬಂದಿತ್ತು. ಅಂದರೆ ಅವರು ಹೆಚ್ಚು ಕುರಿ ಬದುಕಿಸಿದಷ್ಟೂ ನನ್ನ ನಕ್ಷೆ ಹೆಚ್ಚು ಕೆಂಪಾಗುತ್ತ ಹೋಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಹೊರಗೆ ಏನೂ ನೋಡಲಿಲ್ಲ.

ಸಭೆ ನಡೆದದ್ದು ಯಜಮಾನರ ಗಿರಣಿಯ ಮೇಲಿನ ಕೋಣೆಯಲ್ಲಿ. ಪಟ್ಟಿಯನ್ನು ತಿದ್ದಿ, 'ಅಡ್ಡಿ ಇಲ್ಲ' ಎಂಬುದನ್ನು ಒಂದೇ ಮಾತಾಗಿ ಸೇರಿಸಿ ಪ್ಲಸ್ ಕೊಟ್ಟು, ಕೊನೆಯ ವಾರವನ್ನು ಮತ್ತೆ ಲೆಕ್ಕ ಹಾಕಿ ಒಯ್ದಿದ್ದೆ. ಇಪ್ಪತ್ತೆರಡು ಇದ್ದದ್ದು ತೊಂಬತ್ತೊಂದಾಗಿತ್ತು. ಪ್ರಶಾಂತ್ ಎರಡೂ ಪಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು.

"ಸರ್, ಒಂದು ಮಾತು ತಿದ್ದಿದ್ರೆ ಇಪ್ಪತ್ತೆರಡು ತೊಂಬತ್ತೊಂದು ಆಗುತ್ತಾ? ಹಾಗಾದ್ರೆ ನಾಳೆ ಕಲ್ಲೂರಿನವರು ಬಂದು ಇನ್ನೊಂದು ಮಾತು ತಿದ್ದಿ ಅಂತಾರೆ. ನಿಮ್ಮ ಮೇಲೆ ಅನುಮಾನ ಅಲ್ಲ. ಆದ್ರೆ ನೀವೂ ಈ ಕಡೆಯೋರು, ಡಾಕ್ಟರೂ ಈ ಕಡೆಯೋರು. ಹೊರಗಿನವರಿಗೆ ಇದು ಹೇಗೆ ಕಾಣುತ್ತೆ?"

ಕೊನೆಯ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತನಾಲ್ಕು ವರ್ಷದಲ್ಲಿ ಯಾರ ಪರವಾಗಿಯೂ ಒಂದು ಅಂಕಿ ತಿದ್ದಿದವನಲ್ಲ. ಆದರೆ ಮೊದಲ ಮಾತು ಸರಿಯಾಗಿಯೇ ಇತ್ತು ಎಂಬುದೂ ಗೊತ್ತಿತ್ತು. ಒಂದು ಮಾತಿಗೆ ಹೀಗೆ ತಲೆಕೆಳಗಾಗುವ ಅಂಕವನ್ನು ನಂಬುವುದು ಹೇಗೆ? ವಾದ ಮಾಡಿ ಪ್ರಯೋಜನವಿಲ್ಲ ಎನಿಸಿತು. ಯಜಮಾನರ ಕಡೆ ತಿರುಗಿದೆ. ಕಿಟಕಿಯ ಕೆಳಗೆ ಭತ್ತದ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲಾಗಿ ನಿಂತಿದ್ದವು.

"ಯಜಮಾನ್ರ, ಒಂದು ಮಾತು ಕೇಳ್ತೀನಿ. ಈ ಸುಗ್ಗಿ ಮಿಲ್ ಹೆಂಗ ನಡದದ?"

"ಏನೋ, ಅಡ್ಡಿ ಇಲ್ಲಪ," ಎಂದರು ಅವರು, ಪಟಗಳ ಮೇಲಿನ ಕಣ್ಣು ತೆಗೆಯದೆ.

ಪ್ರಶಾಂತ್ ಮರ್ಯಾದಸ್ಥರು. ಕಾಳಜಿಯಿಂದಲೇ ಕೇಳಿದರು, "ಯಾಕೆ ಸರ್, ಮಿಲ್ಲಿಗೆ ಏನಾದ್ರೂ ತೊಂದ್ರೆನಾ?"

ಯಜಮಾನರು ತಟ್ಟನೆ ತಲೆ ಎತ್ತಿದರು. "ತೊಂದ್ರಿ? ತೊಂದ್ರಿ ಅದ ಅಂತ ಯಾರಂದ್ರು?"

ಕೋಣೆಯಲ್ಲಿದ್ದ ನಾಲ್ಕೈದು ಜನ ನಕ್ಕರು. ಯಜಮಾನರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೂ ನಕ್ಕು ಪ್ರಶಾಂತ್ ಅವರಿಗೆ ಬಿಡಿಸಿ ಹೇಳಿದರು. "ಚಲೋ ನಡದದ ಅಂತ ಬಾಯಿ ಬಿಟ್ಟು ಹೇಳಾಕ ಬರ್ತದೇನಪ? ನಾವು ಇಷ್ಟ ಅಂತೀವಿ." ಪ್ರಶಾಂತ್ ಮುಖ ಕೆಂಪಾಯಿತು. ಆದರೆ ಅವರು ದೊಡ್ಡತನ ತೋರಿಸಿದರು. ತಾವೇ ಪತ್ರವನ್ನು ಹಿಂತೆಗೆದುಕೊಳ್ಳುವ ಟಿಪ್ಪಣಿ ಬರೆದರು. ರೇಣುಕಾ ಅವರ ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಅಂಕವನ್ನು ನೌಕರಿಗೆ ಜೋಡಿಸುವ ನಿಯಮವೂ ಅಂದೇ ರದ್ದಾಯಿತು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸಭೆ ನಡೆದದ್ದು ಶನಿವಾರ. ಸೋಮವಾರ ಒಂಬತ್ತಕ್ಕೆ ಎಂದಿನಂತೆ ಪಟ ಪ್ರಕಟವಾಯಿತು. ತೊಂಬತ್ತು ದಾಟಿದ ವ್ಯಾನಿಗೆ ಯಂತ್ರದಲ್ಲಿ ಬೇರೆಯೇ ಒಂದು ವಿನ್ಯಾಸವಿತ್ತು. ಜೂನಿನಲ್ಲಿ ಅದನ್ನು ಒಪ್ಪಿದವನು ನಾನೇ, ಅಲ್ಲಿಯವರೆಗೆ ಯಾವ ವ್ಯಾನೂ ಅಷ್ಟು ಅಂಕ ಪಡೆದಿರಲಿಲ್ಲವಾದ್ದರಿಂದ ಮರೆತಿದ್ದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಈ ವಾರದ ನಂಬರ್ ಒನ್: ಗಬ್ಬೂರು.' ಎಡಕ್ಕೆ ಖಾತೆಯಿಂದ ಯಂತ್ರವೇ ಎತ್ತಿಕೊಂಡ ರೇಣುಕಾ ಅವರ ಫೋಟೋ, ಅದರ ಕೆಳಗೆ 'ಅತ್ಯುತ್ತಮ ವೈದ್ಯೆ.' ಬಲಕ್ಕೆ ಆ ವಾರ ಹೆಚ್ಚು ಮೆಚ್ಚುಗೆ ಪಡೆದ ಫೋಟೋ, ಲಕ್ಷ್ಮವ್ವ ಕಳಿಸಿದ್ದ ಮರಿಗಳದ್ದು. ಅದರ ಕೆಳಗೆ 'ದಷ್ಟಪುಷ್ಟ ಕುರಿಗಳು, ಸಂತೃಪ್ತ ಜನ.' ಸುತ್ತ ಹಸಿರು ಬಣ್ಣ, ನಕ್ಷತ್ರಗಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ನೆಂಟರಿಗೆಲ್ಲ ಕಳಿಸಿದೆ. ಏಳು ವಾರದ ಕೆಂಪಿಗೆ ಇದು ಪ್ರಾಯಶ್ಚಿತ್ತ ಎಂದುಕೊಂಡೆ.

ಹತ್ತೂವರೆಗೆ ರೇಣುಕಾ ಅವರ ಫೋನ್ ಬಂತು. "ಸರ್, ಅದನ್ನ ತೆಗೀರಿ. ಈಗಿಂದೀಗ ತೆಗೀರಿ."

ತೆಗೆಯುವಷ್ಟರಲ್ಲಿ ನೂರಾರು ಜನ ಹಂಚಿಕೊಂಡಾಗಿತ್ತು. ದೇವದುರ್ಗದ ಬಸ್ ನಿಲ್ದಾಣದಲ್ಲೂ ಅದನ್ನು ನೋಡುತ್ತಿದ್ದರಂತೆ. ಆ ವಾರ ಗಬ್ಬೂರಿನ ಪುಟಕ್ಕೆ ಒಂದೇ ಒಂದು ಕಾಮೆಂಟ್ ಬರಲಿಲ್ಲ. ಜನ ಚಿಕಿತ್ಸೆಗೆ ಫೋನ್ ಮಾಡುತ್ತಿದ್ದರು, ಕುರಿ ತೋರಿಸುತ್ತಿದ್ದರು, ಪುಟದ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಮುಂದಿನ ಸೋಮವಾರ ನಕ್ಷೆಯಲ್ಲಿ ಗಬ್ಬೂರು ಬೂದು ಬಣ್ಣಕ್ಕೆ ತಿರುಗಿ 'ಮಾಹಿತಿ ಇಲ್ಲ' ಎಂದು ಬಂತು. ಆ ಗುರುವಾರ ಕ್ಷಮೆ ಕೇಳಲು ರೇಣುಕಾ ಅವರ ಜೊತೆ ವ್ಯಾನಿನಲ್ಲಿ ಬೀರಪ್ಪನವರ ಹಟ್ಟಿಗೆ ನಾನೇ ಹೋದೆ.

ಬೀರಪ್ಪ ಕಂಬಳಿಯ ಮೇಲೆ ಕೂತಿದ್ದರು, ಏಳಲಿಲ್ಲ. "ಸಾಹೇಬ್ರ, ನೀವು ಓದಿದೋರು. ಅವತ್ತ ಇಲ್ಲೇ ಕುಂತು ಎಲ್ಲಾ ಕೇಳಿ ಹೋದ್ರಿ. ಕೇಳಿದ ಮ್ಯಾಲೂ ನಮ್ಮ ಕುರಿ ಹಿಂಗದಾವ ಅಂತ ಊರಿಗೆಲ್ಲಾ ಸಾರೀರಲ್ರಿ."

"ತಪ್ಪಾತು ಬೀರಪ್ಪ," ಎಂದೆ. ಯಂತ್ರ ತಾನಾಗಿ ಮಾಡಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಲಕ್ಷ್ಮವ್ವ ಅಷ್ಟರಲ್ಲಿ ಒಲೆಯ ಹತ್ತಿರದಿಂದ ಎದ್ದು ಬಂದರು. ಮುಷ್ಟಿಯಲ್ಲಿ ಏನೋ ಇತ್ತು. "ಕುರೀದು ದೃಷ್ಟಿ ಅವತ್ತ ತಗದೀವ್ರಿ. ಡಾಕ್ಟ್ರವ್ವಂದು ಉಳದದ," ಎಂದು ರೇಣುಕಾ ಅವರನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಉಪ್ಪು, ಒಣಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ತಲೆಯಿಂದ ಪಾದದವರೆಗೆ ಮೂರು ಸಲ ಇಳಿಸಿ, ಒಯ್ದು ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿ ತಾಗಿತ್ತು ಎಂದು ನಮ್ಮ ಕಡೆ ನಂಬಿಕೆ. "ನೋಡ್ರಿ, ಭಾಳ ಆಗಿತ್ತು," ಎಂದು ಲಕ್ಷ್ಮವ್ವ ನಿಟ್ಟುಸಿರಿಟ್ಟರು. ಪಶುವೈದ್ಯ ವಿಜ್ಞಾನ ಓದಿದ ರೇಣುಕಾ ಅವರು ಅಷ್ಟೂ ಹೊತ್ತು ಕದಲದೆ ಕೂತಿದ್ದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಇರಬಹುದು ಎಂದುಕೊಂಡೆ.

ಆಮೇಲೆ ಲಕ್ಷ್ಮವ್ವ ಚಾ ತಂದರು. ನನಗೆ ಒಂದು ಲೋಟ ಕೊಟ್ಟು, ಇನ್ನೊಂದನ್ನು ಹಿಡಿದು ರೇಣುಕಾ ಅವರ ಮುಂದೆ ಅನುಮಾನಿಸುತ್ತ ನಿಂತರು.

"ಡಾಕ್ಟ್ರವ್ವ ನಮ್ಮಲ್ಲಿ ಚಾ ಒಲ್ಲೆ ಅಂತಾರ್ರಿ, ದಸರಾ ಆದಾಗಿಂದ. ಮೊದಲ ಕುಡೀತಿದ್ರು. ನಮ್ಮ ಕೈಲಿಂದ ಏನರ ತಪ್ಪಾಗಿರಬೇಕು ಅಂತ ನಾವೂ ಕೇಳ್ಲಿಲ್ಲ. ಇವತ್ತರ ಕುಡೀತೀರೇನ್ರಿ ಯವ್ವಾ?"

ರೇಣುಕಾ ಅವರು ಎರಡೂ ಕೈಯಿಂದ ಲೋಟ ತೆಗೆದುಕೊಂಡು ಅಲ್ಲೇ ಕುಡಿದು ಮುಗಿಸಿದರು. ಲಕ್ಷ್ಮವ್ವ ಕೇಳದೆಯೇ ಇನ್ನರ್ಧ ಲೋಟ ಬಗ್ಗಿಸಿದರು.

ವ್ಯಾನು ಹೊಲ ದಾಟಿ ರಸ್ತೆಗೆ ಬಂದ ಮೇಲೆ ಅವರು ಬಾಯಿ ಬಿಟ್ಟರು. "ಪುಟದಾಗ ಎಲ್ಲಾರೂ ಅಡ್ಡಿ ಇಲ್ಲ ಅಂತ ಬರೀತಿದ್ರು ಸರ್. ನಿಮ್ಮ ಪಟದಾಗ ಕೆಂಪು ಬರ್ತಿತ್ತು. ಹಂಗಾದ್ರ ಎದುರಿಗೆ ಒಂದಂದು, ಹಿಂದ ಆಫೀಸಿಗೆ ಕಂಪ್ಲೇಂಟ್ ಕಳಸ್ತಾರ ಅಂತ ತಿಳ್ಕೊಂಡೆ. ಯಾರು ಅಂತ ಗೊತ್ತಿಲ್ಲ. ಅದಕ್ಕ ಎಲ್ಲಾರ ಮ್ಯಾಲೂ ಅನುಮಾನ. ಕುರಿ ನೋಡೋದು, ಕೈ ತೊಳಕೊಳ್ಳೋದು, ಯಾರ ಮಾರಿನೂ ನೋಡದ ವ್ಯಾನ್ ಹತ್ತೋದು. ಏಳು ವಾರ ಹಿಂಗ ಮಾಡಿದೆ. ಅವರು ನನ್ನ ದೃಷ್ಟಿ ತಗೀತಾರ. ಈಗ ಅವರಿಗೆ ನಾನು ಏನಂತ ಹೇಳ್ಲಿ?"

ಅವರ ನೌಕರಿ ಹೋಗುವುದನ್ನು ತಡೆದೆ ಎಂದು ಆವರೆಗೆ ನನಗೊಂದು ಸಮಾಧಾನವಿತ್ತು. ಅದಕ್ಕೂ ಮೊದಲೇ ಆಗಿಹೋದ ಹಾನಿ ನನ್ನ ಯಾವ ಕಡತದಲ್ಲೂ ಇರಲಿಲ್ಲ.

ಈಗಲೂ ಅದೇ ಸಂಸ್ಥೆಯಲ್ಲಿದ್ದೇನೆ. ಯಂತ್ರವೂ ಇದೆ, ಭಾನುವಾರ ಅದು ಪಟ ಮಾಡುತ್ತದೆ. ಆದರೆ ತಾನಾಗಿ ಪ್ರಕಟಿಸುವುದಿಲ್ಲ. ಸೋಮವಾರ ಬೆಳಿಗ್ಗೆ ಕಾಮೆಂಟುಗಳನ್ನೆಲ್ಲ ನಾನು ಓದುತ್ತೇನೆ, ಎರಡು ಗಂಟೆ ಹಿಡಿಯುತ್ತದೆ. ಯಾರ ಹೆಸರಿನ ಮೇಲಾದರೂ ಕೆಂಪು ಬಿದ್ದರೆ ಅವರಿಗೆ ಫೋನ್ ಮಾಡಿ, ಕಾಮೆಂಟುಗಳನ್ನು ಅವರಿಗೇ ಓದಿ ಹೇಳುತ್ತೇನೆ. ಹಸಿರು ಬಿದ್ದರೂ ಅಷ್ಟೇ, ಅವರು ಬೇಡ ಎಂದರೆ ಹಾಕುವುದಿಲ್ಲ. ಗಬ್ಬೂರಿನ ಕುರಿಗಳ ಸಂಖ್ಯೆ ಯಾವ ಪಟದಲ್ಲೂ ಬರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಾವು ಬರೆಯುವ ನಕ್ಷೆಯನ್ನು ಮೇಲಿನವರು ನೋಡುತ್ತಾರೆ ಎಂದು ನಾವು ತಿಳಿದಿರುತ್ತೇವೆ, ಆದರೆ ಎಲ್ಲರಿಗಿಂತ ಹೆಚ್ಚು ನಂಬಿಕೆಯಿಂದ ನೋಡುವವರು ಅದರಲ್ಲಿ ಹೆಸರಿರುವವರು.

ಆ ಗುರುವಾರ ಸಂಜೆ ಕಚೇರಿಗೆ ಬಂದಾಗ ಈ ಪ್ರಕರಣದ ವರದಿ ನನ್ನ ಟೇಬಲ್ಲಿನ ಮೇಲೆ ಸಹಿಗೆ ಕಾದಿತ್ತು. ನಾನೇ ಬರೆದದ್ದು. ಕೊನೆಯ ಸಾಲಿನಲ್ಲಿ 'ದೋಷವನ್ನು ಪೂರ್ಣವಾಗಿ ಸರಿಪಡಿಸಲಾಗಿದೆ' ಎಂದಿತ್ತು. ಆ ಸಾಲನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಖಾಲಿ ಬಿಟ್ಟು ಅದರ ಕೆಳಗೆ ಸಹಿ ಹಾಕಿದೆ.